ಮಗುವಿನ ಕಾರ್ ಸೀಟು: ಇಟ್ಟರೆ ಸಾಲದು, ಬಿಗಿಯಬೇಕು



ಕೊನೆಗಾರನು ಅಡಿಕೆ ಮರ ಹತ್ತುವ ಮುನ್ನ ತನ್ನ ತಳೆಯನ್ನೂ ಹಗ್ಗವನ್ನೂ ಒಮ್ಮೆ ಜಗ್ಗಿ ನೋಡುತ್ತಾನೆ. ಹಗ್ಗ ಹೊಸದಾಗಿದ್ದರೂ ಸರಿ, ನಿನ್ನೆ ತಾನೇ ಬಳಸಿದ್ದಾದರೂ ಸರಿ, ಜಗ್ಗದೆ ಹತ್ತುವುದಿಲ್ಲ. ಮೊಮ್ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ದೂರದ ಊರಿಗೆ ಹೊರಡುವ ನಾವು ಅಷ್ಟು ಎಚ್ಚರ ವಹಿಸುತ್ತೇವೆಯೇ? ನಾನಂತೂ ವಹಿಸಿರಲಿಲ್ಲ. ಆ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನನ್ನ ಮಗಳು ಲಿಂಗಸುಗೂರಿನಲ್ಲಿ ಶಿಕ್ಷಕಿ. ಕಳೆದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಅವಳನ್ನೂ ಒಂದೂವರೆ ವರ್ಷದ ಮೊಮ್ಮಗನನ್ನೂ ಅಲ್ಲಿಗೆ ಬಿಟ್ಟು ಬರಲು ಹೊರಟೆ. ಶಿವಮೊಗ್ಗ, ಹೊಸಪೇಟೆ, ಗಂಗಾವತಿ, ಕಾರಟಗಿ ದಾಟಿ ಸಿಂಧನೂರು ತಲುಪಿದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಬಯಲು ಅದು. ಅಲ್ಲಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 150ಎ. ನಮ್ಮ ಘಾಟಿ ರಸ್ತೆಯಂತೆ ತಿರುವುಗಳಿಲ್ಲ. ರಸ್ತೆ ನೇರವಾಗಿರುವುದರಿಂದಲೇ ವೇಗ ಹೆಚ್ಚು. ಆ ವೇಗದ ನಡುವೆಯೇ ಹುಲ್ಲು ಹೇರಿದ ಟ್ರ್ಯಾಕ್ಟರುಗಳೂ ಓಡಾಡುತ್ತವೆ. 2025ರ ಜನವರಿಯಲ್ಲಿ ಸಿಂಧನೂರು ಸಮೀಪ ವಾಹನ ಮಗುಚಿ ಮಂತ್ರಾಲಯದ ಸಂಸ್ಕೃತ ಪಾಠಶಾಲೆಯ ಮೂವರು ವಿದ್ಯಾರ್ಥಿಗಳೂ ಚಾಲಕರೂ ತೀರಿಕೊಂಡ ಸುದ್ದಿಯನ್ನು ತಮ್ಮಲ್ಲಿ ಹಲವರು ಓದಿರಬಹುದು.

ನಮ್ಮ ಕಾರಿನಲ್ಲಿ ಮಕ್ಕಳ ಸೀಟು ಇತ್ತು. ನಾನೇ ಕೊಂಡು, ನಾನೇ ಕೂರಿಸಿದ್ದೆ. ಮಸ್ಕಿಗೆ ಇನ್ನೂ ಸ್ವಲ್ಪ ದೂರವಿರುವಾಗ ಮುಂದಿನ ಟ್ರ್ಯಾಕ್ಟರು ಥಟ್ಟನೆ ಬಲಕ್ಕೆ ತಿರುಗಿತು. ಬ್ರೇಕ್ ತುಳಿದೆ. ಡಿಕ್ಕಿಯೇನೂ ಆಗಲಿಲ್ಲ. ಆದರೆ ಮಗುವಿನ ಸೀಟು ಮಗುವನ್ನೂ ಹೊತ್ತುಕೊಂಡು ಮುಂದಕ್ಕೆ ವಾಲಿತು. ಅವನ ಹಣೆಗೂ ಮುಂದಿನ ಸೀಟಿನ ಬೆನ್ನಿಗೂ ಒಂದು ಗೇಣು ಉಳಿದಿತ್ತು. “ಅಪ್ಪಯ್ಯ, ನಿಲ್ಲಿಸಿ” ಎಂದು ಮಗಳು ಕೂಗಿದಳು.

ಮಸ್ಕಿಯ ಒಂದು ಗ್ಯಾರೇಜಿನಲ್ಲಿ ನಿಲ್ಲಿಸಿದೆವು. ಅಲ್ಲಿದ್ದ ಹುಡುಗ ಸೀಟನ್ನು ಒಂದೇ ಕೈಯಲ್ಲಿ ಅಲುಗಾಡಿಸಿ ನಕ್ಕ. “ಸೀಟು ಛಲೋ ಐತ್ರಿ ಯಜಮಾನ್ರ, ಬೆಲ್ಟ್ ಸಡ್ಲ ಐತಿ. ನಾವು ಭತ್ತದ ಚೀಲಾನ ಇದಕ್ಕಿಂತ ಬಿಗಿ ಕಟ್ತೀವ್ರಿ” ಎಂದ. ನಾಚಿಕೆಯಾಯಿತು. ಮಾತು ಮಾತ್ರ ನಿಜವಾಗಿತ್ತು.

ಮಡಿಲು ಏಕೆ ಸಾಲದು?

“ತಾಯಿಯ ಮಡಿಲಿಗಿಂತ ಭದ್ರ ಜಾಗ ಯಾವುದು?” ಎಂದು ನಮ್ಮ ಮನೆಗಳಲ್ಲಿ ಕೇಳುವುದುಂಟು. ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾಗುವುದೆಂದರೆ ಸುಮಾರು 32 ಅಡಿ ಎತ್ತರದ ಅಡಿಕೆ ಮರದಿಂದ ನೆಲಕ್ಕೆ ಬಿದ್ದಂತೆ. ಆ ವೇಗದ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಟ್ಟರೆ, 10 ಕಿಲೋ ತೂಕದ ಮಗುವನ್ನು ತಡೆಯಲು ಸುಮಾರು 140 ಕಿಲೋ ಭಾರ ಹಿಡಿಯುವಷ್ಟು ಬಲ ಬೇಕು. 50 ಕಿಲೋದ ಮೂರು ಕಾಫಿ ಚೀಲಗಳು ಒಮ್ಮೆಲೇ ಮುನ್ನುಗ್ಗಿದರೆ ಯಾವ ತಾಯಿಯ ತೋಳು ತಡೆದೀತು? ಬೆಲ್ಟ್ ಹಾಕದ ತಾಯಿಯಾದರೆ ತನ್ನ ಮೈಭಾರವನ್ನೂ ಮಗುವಿನ ಮೇಲೆಯೇ ಹಾಕಿಬಿಡುತ್ತಾಳೆ. ಮಕ್ಕಳ ಸೀಟನ್ನು ಬಳಸಿದರೆ ಸಾವುಗಳು ಶೇಕಡಾ 60ರಷ್ಟು ಕಡಿಮೆಯಾಗಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಯಾವ ಮಗುವಿಗೆ ಯಾವ ಸೀಟು?

ಹುಟ್ಟಿದ ಮಗುವಿನ ತಲೆಯೇ ಮೈ ಉದ್ದದ ಕಾಲು ಭಾಗದಷ್ಟಿರುತ್ತದೆ, ಕುತ್ತಿಗೆ ಎಳೆಯದು. ಮಗು ಮುಂದಕ್ಕೆ ಮುಖ ಮಾಡಿ ಕುಳಿತಿದ್ದರೆ ಡಿಕ್ಕಿಯ ಹೊತ್ತಿಗೆ ತಲೆಯ ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ಸೀಟಿನ ಬೆನ್ನು ತಲೆ, ಕುತ್ತಿಗೆ, ಬೆನ್ನುಗಳನ್ನು ಒಟ್ಟಿಗೆ ಆತುಕೊಳ್ಳುತ್ತದೆ. ಆದುದರಿಂದ ಕಡೇ ಪಕ್ಷ 15 ತಿಂಗಳು ತುಂಬುವವರೆಗೆ ಹಿಂಮುಖವಾಗಿಯೇ ಕೂರಿಸಬೇಕು. ಸೀಟಿನ ಅಳತೆ ಸಾಲುವವರೆಗೂ ಹಾಗೆಯೇ ಮುಂದುವರಿಸುವುದು ಇನ್ನೂ ಒಳ್ಳೆಯದು. ನಾನು ಮೊಮ್ಮಗನನ್ನು ಬೇಗನೆ ಮುಂದಕ್ಕೆ ತಿರುಗಿಸಿದ್ದೆ. ಅದೂ ಒಂದು ತಪ್ಪೇ.

ಆ ಬಳಿಕ ಒಳಬೆಲ್ಟುಗಳಿರುವ ಮುಮ್ಮುಖ ಸೀಟು. ಅದು ಚಿಕ್ಕದಾದ ಮೇಲೆ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟನ್ನೇ ಸರಿಯಾಗಿ ಕೂರಿಸುವ ಬೂಸ್ಟರ್. ಬೆಲ್ಟಿನ ಮೇಲ್ಭಾಗ ಕುತ್ತಿಗೆಗೆ ತಾಗದೆ ಹೆಗಲ ಮೇಲೆ ಹಾಯಬೇಕು. ಕೆಳಭಾಗ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಬೂಸ್ಟರ್ ಇಲ್ಲದೆ ಹೀಗೆ ಕೂರುವವರೆಗೂ ಬೂಸ್ಟರ್ ಬಿಡಿಸಬೇಡಿ.

ಕೊಳ್ಳುವಾಗ ಸೀಟಿನ ಮೇಲೆ ಎಐಎಸ್-072, ಅಥವಾ ವಿಶ್ವಸಂಸ್ಥೆಯ ಆರ್44 ಇಲ್ಲವೇ ಆರ್129 ಗುರುತಿದೆಯೇ ನೋಡಿ. ಒಮ್ಮೆ ಅಪಘಾತ ಕಂಡ ಸೀಟನ್ನು ಮತ್ತೆ ಬಳಸಬಾರದು. ಹಿಂದಿನ ಕಥೆ ತಿಳಿಯದ ಹಳೆಯ ಸೀಟನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಬಿಗಿಯುವ ಕ್ರಮ

1. ಕಾರಿನ ಹಿಂದಿನ ಸೀಟಿನಲ್ಲಿಯೇ ಕೂರಿಸಿ. ಮುಂದೆ ಏರ್‌ಬ್ಯಾಗ್ ಇರುವ ಕಡೆ ಹಿಂಮುಖ ಸೀಟನ್ನು ಎಂದೂ ಇಡಬಾರದು. ಏರ್‌ಬ್ಯಾಗ್ ಉಬ್ಬುವ ರಭಸವೇ ಮಗುವಿಗೆ ಮಾರಕ.

2. ಬೆಲ್ಟ್ ಹಾಯುವ ದಾರಿಯನ್ನು ಸೀಟಿನ ಮೇಲೆಯೇ ಗುರುತು ಮಾಡಿರುತ್ತಾರೆ. ಸಾಮಾನ್ಯವಾಗಿ ಹಿಂಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಆ ದಾರಿ ಬಿಟ್ಟು ಬೇರೆಡೆ ಹಾಯಿಸಬೇಡಿ.

3. ಬಕಲ್ ಹಾಕಿದ ಮೇಲೆ ಮುಮ್ಮುಖ ಸೀಟಿನ ಮೇಲೆ ಮೊಣಕಾಲೂರಿ, ಹಿಂಮುಖ ಸೀಟಾದರೆ ಕೈಯಿಂದ ಬಲವಾಗಿ ಒತ್ತಿ, ಮೊದಲು ಸೊಂಟದ ಭಾಗದ, ಆಮೇಲೆ ಹೆಗಲ ಭಾಗದ ಸಡಿಲವನ್ನು ಎಳೆದು ತೆಗೆಯಿರಿ. ನಮ್ಮ ಅನೇಕ ಕಾರುಗಳ ಬೆಲ್ಟು ಜಗ್ಗಿದಾಗ ಮಾತ್ರ ಹಿಡಿದುಕೊಳ್ಳುತ್ತದೆ. ನಿಧಾನವಾಗಿ ಎಳೆದರೆ ಸಡಿಲವಾಗುತ್ತಲೇ ಬರುತ್ತದೆ. ಆದ್ದರಿಂದ ಸೀಟಿನಲ್ಲಿ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಇದ್ದರೆ ಅದನ್ನು ಮರೆಯದೆ ಹಾಕಿ. ನಾನು ಮರೆತಿದ್ದು ಇದನ್ನೇ.

4. ಕಾರಿನಲ್ಲಿ ಐಸೋಫಿಕ್ಸ್ ಕೊಂಡಿಗಳಿದ್ದು, ಸೀಟಿನಲ್ಲೂ ಅದಕ್ಕೆ ಏರ್ಪಾಡಿದ್ದರೆ ಕೆಲಸ ಸುಲಭ. ಎರಡೂ ಕಡೆ ಕಟ್ಟೆಂದು ಕೂತುಕೊಳ್ಳಬೇಕು. ಮೇಲಿನ ಪಟ್ಟಿ ಅಥವಾ ನೆಲಕ್ಕೆ ಊರುವ ಕಾಲು ಇದ್ದರೆ ಅದನ್ನೂ ಬಿಡದೆ ಜೋಡಿಸಿ.

5. ಈಗ ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಜಗ್ಗಿ. ಅತ್ತಿತ್ತ ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಬಿಗಿಯಿರಿ.

6. ಮಗುವನ್ನು ಕೂರಿಸಿ ಒಳಬೆಲ್ಟ್ ಬಿಗಿಯಿರಿ. ಹೆಗಲ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲವಿದೆ ಎಂದರ್ಥ. ಪಟ್ಟಿ ಹಿಂಮುಖ ಸೀಟಿನಲ್ಲಿ ಹೆಗಲ ಮಟ್ಟಕ್ಕೆ ಅಥವಾ ಕೊಂಚ ಕೆಳಗಿಂದ, ಮುಮ್ಮುಖ ಸೀಟಿನಲ್ಲಿ ಹೆಗಲ ಮಟ್ಟಕ್ಕೆ ಅಥವಾ ಕೊಂಚ ಮೇಲಿಂದ ಹೊರಡಬೇಕು.

ನಮ್ಮಲ್ಲಿ ಹೆಚ್ಚಾಗಿ ಆಗುವ ತಪ್ಪುಗಳು

ಮಲೆನಾಡಿನ ಚಳಿಗೆ ದಪ್ಪ ಸ್ವೆಟರ್ ತೊಡಿಸಿ ಮೇಲೆ ಬೆಲ್ಟ್ ಹಾಕುತ್ತೇವೆ. ಡಿಕ್ಕಿಯಲ್ಲಿ ಸ್ವೆಟರ್ ಅಮುಕಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ತೆಳುವಾದ ಅಂಗಿಯ ಮೇಲೆ ಬೆಲ್ಟ್ ಬಿಗಿದು, ಅದರ ಮೇಲೆ ಶಾಲು ಹೊದಿಸಿ. ರಾಯಚೂರು ಸೀಮೆಯ ಬೇಸಿಗೆ ಇದಕ್ಕೆ ತದ್ವಿರುದ್ಧ. ಬಿಸಿಲಿಗೆ ನಿಂತ ಕಾರಿನಲ್ಲಿ ಬಕಲ್ ಕಾಯ್ದು ಸುಡುತ್ತದೆ. ಮಗುವನ್ನು ಕೂರಿಸುವ ಮೊದಲು ಮುಟ್ಟಿ ನೋಡಿ. ನಿಂತ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ.

ತೋಟದ ಜೀಪುಗಳ ಹಿಂಭಾಗದಲ್ಲಿ ಎದುರುಬದುರಾಗಿರುವ ಉದ್ದ ಸೀಟಿಗೆ ಮಕ್ಕಳ ಸೀಟನ್ನು ಕಟ್ಟಲೇಬಾರದು. ಹಿಂದೆ ಹೇರಿದ ಅಡಿಕೆ ಮೂಟೆ, ಗೊಬ್ಬರದ ಚೀಲ, ಸ್ಪ್ರೇಯರ್ ಯಾವುದೂ ಬಿಡಿಯಾಗಿರಬಾರದು. ಕಾರು ನಿಂತರೂ ಅವು ನಿಲ್ಲುವುದಿಲ್ಲ.

14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ಕರೆದೊಯ್ಯುವುದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ದಂಡಾರ್ಹ. ಆದರೆ ದಂಡಕ್ಕೆ ಹೆದರಿ ಮಾಡುವ ಕೆಲಸವೇ ಇದು?

ಅಂದು ಆ ಹುಡುಗ ಹತ್ತೇ ನಿಮಿಷದಲ್ಲಿ ಸೀಟನ್ನು ಬಿಗಿದುಕೊಟ್ಟ. ಹಣ ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಲಿಂಗಸುಗೂರಿನವರೆಗೆ ಮೊಮ್ಮಗ ನಿದ್ದೆ ಮಾಡಿದ; ನಾನು ಮಾತ್ರ ಆ ಒಂದು ಗೇಣನ್ನೇ ನೆನೆಯುತ್ತಿದ್ದೆ. ಈಗ ಪ್ರತಿ ಸಲ ಹೊರಡುವ ಮುನ್ನ ಸೀಟನ್ನು ಹಿಡಿದು ಜಗ್ಗಿ ನೋಡುತ್ತೇನೆ. ತಾವೂ ಇಂದೇ ಕಾರಿನ ಬಳಿ ಹೋಗಿ ಒಮ್ಮೆ ಜಗ್ಗಿ ನೋಡಿ.