ಒಂದೇ ತಡೆ, ಎರಡು ಪಾಠ

ಈ ಶಾಲೆಯಲ್ಲಿ ಹಲವು ವರ್ಷ ನಾನು ಶರೀರಶಾಸ್ತ್ರವನ್ನು ಬೋಧಿಸಿದ್ದೇನೆ. ಹೃದಯ ಒಂದು ಪಾಠ. ರಕ್ತದ ಬಿಳಿಯ ಕಣಗಳು ಇನ್ನೊಂದು ಪಾಠ. ನಡುವೆ ಓಣಂ ರಜೆ ಬರುತ್ತಿತ್ತು. ಹೀಗಾಗಿ ಇವೆರಡಕ್ಕೂ ಸಂಬಂಧವಿದೆಯೆಂದು ವಿದ್ಯಾರ್ಥಿಗಳಿಗೂ ಅನಿಸಲಿಲ್ಲ, ನನಗೂ ಹೊಳೆಯಲಿಲ್ಲ. ಆ ಸಂಬಂಧವನ್ನು ತೋರಿಸಿಕೊಟ್ಟವರಲ್ಲಿ ಪ್ರಮುಖರು ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯದ ಡಾ. ತಸುಕು ಹೊಂಜೊ. ಅಂದು ಬಿಟ್ಟುಹೋದ ಆ ಪಾಠವನ್ನು ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಪೂರ್ಣಗೊಳಿಸಲು ಅಪ್ಪಣೆ ಕೋರುತ್ತೇನೆ.

ಬಿಳಿಯ ರಕ್ತಕಣಗಳಲ್ಲಿ ಟಿ-ಕಣಗಳೆಂಬ ಒಂದು ವರ್ಗವಿದೆ. ರೋಗಾಣು ಹೊಕ್ಕ ಜೀವಕೋಶಗಳನ್ನು ಗುರುತಿಸಿ ನಾಶಪಡಿಸುವುದು ಅವುಗಳ ಕರ್ತವ್ಯ. ಆದರೆ ಬಲವೊಂದೇ ಸಾಲದು. ನಮ್ಮೂರ ರಥೋತ್ಸವವನ್ನು ನೆನೆಯಿರಿ. ಹಗ್ಗ ಹಿಡಿದು ಎಳೆಯುವವರು ನೂರಾರು ಮಂದಿ. ಆದರೆ ಚಕ್ರದ ಬಳಿ ಮರದ ತುಂಡು ಹಿಡಿದು, ಸಮಯವರಿತು ಅಡ್ಡವಿಡುವವರು ಇಲ್ಲದಿದ್ದರೆ ರಥ ಜನರ ಮೇಲೆಯೇ ಹರಿದೀತು. ಟಿ-ಕಣಗಳಿಗೂ ಅಂತಹ ತಡೆಗಳಿವೆ.

1992ರಲ್ಲಿ ಹೊಂಜೊ ಅವರ ಪ್ರಯೋಗಾಲಯವು ಜೀವಕೋಶಗಳ ಸಾವಿಗೆ ಕಾರಣವಾಗುವ ಜೀನನ್ನು ಹುಡುಕುತ್ತ ಪಿ.ಡಿ.-1 ಎಂಬ ಅಣುವನ್ನು ಕಂಡುಹಿಡಿಯಿತು. ಅದು ಸಾವಿನ ಅಣುವಲ್ಲ, ಟಿ-ಕಣಗಳ ಒಂದು ತಡೆ ಎಂಬುದು ತಿಳಿಯಲು ಮುಂದೆ ಹಲವು ವರ್ಷಗಳು ಬೇಕಾದವು.

ಅನೇಕ ಅರ್ಬುದ ಕೋಶಗಳು ಈ ತಡೆಯನ್ನೇ ಒತ್ತಿಹಿಡಿದು ತಮ್ಮ ಮೇಲೆ ಬರುವ ಟಿ-ಕಣಗಳನ್ನು ನಿಲ್ಲಿಸಿಬಿಡುತ್ತವೆ. ತಡೆಯನ್ನು ಬಿಡಿಸಿದರೆ ದೇಹದ ಕಾವಲುಪಡೆಯೇ ಅರ್ಬುದದೊಡನೆ ಹೋರಾಡಬಲ್ಲದು. ಈ ತತ್ತ್ವದ ಮೇಲೆ ಸಿದ್ಧವಾದ ನಿವೊಲುಮ್ಯಾಬ್ ಎಂಬ ಔಷಧಕ್ಕೆ 2014ರಲ್ಲಿ ಜಪಾನಿನಲ್ಲಿ ಅನುಮತಿ ದೊರೆಯಿತು. ಇಂತಹದೇ ಮತ್ತೊಂದು ತಡೆಯನ್ನು ಕುರಿತು ಶ್ರಮಿಸಿದ ಅಮೆರಿಕದ ಜೇಮ್ಸ್ ಆಲಿಸನ್ ಅವರೊಡನೆ ಹೊಂಜೊ 2018ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇನ್ನು ಹೃದಯದ ಮಾತು. ಔಷಧ ಬರುವ ಎಷ್ಟೋ ಮೊದಲೇ, 2001ರಲ್ಲಿ, ಹೊಂಜೊ ಅವರ ತಂಡವು ಪಿ.ಡಿ.-1 ಇಲ್ಲದ ಒಂದು ತಳಿಯ ಇಲಿಗಳನ್ನು ಪರೀಕ್ಷಿಸಿತ್ತು. ಅವುಗಳಲ್ಲಿ ಹಲವು ಇಲಿಗಳ ಹೃದಯವು ಹಿಗ್ಗಿ, ದುರ್ಬಲವಾಗಿ, ಅವು ಸತ್ತವು. ಆ ಇಲಿಗಳ ರಕ್ತದಲ್ಲಿ ಹೃದಯಸ್ನಾಯುವಿನ ಟ್ರೋಪೋನಿನ್-ಐ ಎಂಬ ಪ್ರೋಟೀನಿಗೆ ವಿರುದ್ಧವಾದ ಪ್ರತಿಕಾಯಗಳಿವೆಯೆಂದು 2003ರಲ್ಲಿ ಪ್ರಕಟವಾಯಿತು. ಅಂದರೆ ಕಾವಲುಪಡೆಯು ಮನೆಯ ಯಜಮಾನನ ಮೇಲೆಯೇ ಕೈಯೆತ್ತಿತ್ತು. ಅರ್ಬುದವು ದುರುಪಯೋಗಪಡಿಸಿಕೊಳ್ಳುವ ತಡೆಯೇ ಹೃದಯವನ್ನು ಕಾಯುವ ತಡೆಯೂ ಆಗಿದೆ.

ಇಲಿಗಳಲ್ಲಿ ಕಂಡ ಈ ಎಚ್ಚರಿಕೆ ಮನುಷ್ಯರಲ್ಲಿಯೂ ನಿಜವಾಯಿತು. ಎರಡು ತಡೆಗಳನ್ನೂ ಒಟ್ಟಿಗೆ ಬಿಡಿಸುವ ಔಷಧಗಳನ್ನು ಪಡೆದ ರೋಗಿಗಳಲ್ಲಿ ಹೃದಯಸ್ನಾಯುವಿನ ತೀವ್ರ ಉರಿಯೂತದಿಂದ ಸಾವು ಸಂಭವಿಸಿದುದನ್ನು ವೈದ್ಯರು 2016ರಲ್ಲಿ ವರದಿ ಮಾಡಿದರು. ಇದು ವಿರಳ, ನೂರರಲ್ಲಿ ಒಬ್ಬರಿಗೂ ಬರುವುದು ಅಪರೂಪ. ಬಂದರೆ ಮಾತ್ರ ಪ್ರಾಣಾಂತಿಕವಾಗಬಹುದು. ಹೆಚ್ಚಾಗಿ ಚಿಕಿತ್ಸೆಯ ಮೊದಲ ಕೆಲವು ವಾರ, ತಿಂಗಳುಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಆದುದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ನಡೆಯುತ್ತಿದ್ದರೆ, ಎದೆನೋವು, ಏದುಸಿರು, ಎದೆಬಡಿತದ ಏರುಪೇರು, ಹೇಳಲಾಗದ ಆಯಾಸ ಇವುಗಳನ್ನು ವಯಸ್ಸಿನ ದೋಷವೆಂದು ತಳ್ಳಿಹಾಕದೆ ಕೂಡಲೇ ವೈದ್ಯರಿಗೆ ತಿಳಿಸಿರಿ. ಇ.ಸಿ.ಜಿ. ಮತ್ತು ರಕ್ತದ ಟ್ರೋಪೋನಿನ್ ಪರೀಕ್ಷೆಗಳಿಂದ ಅವರು ಸುಳಿವು ಹಿಡಿಯಬಲ್ಲರು. ಔಷಧವನ್ನು ನಿಲ್ಲಿಸಿ ಸ್ಟಿರಾಯ್ಡ್ ಕೊಟ್ಟು ಕಾವಲುಪಡೆಯನ್ನು ಶಾಂತಗೊಳಿಸುವ ಕ್ರಮವಿದೆ. ಹೆದರಿ ಚಿಕಿತ್ಸೆಯನ್ನು ತಾವಾಗಿ ಬಿಡುವುದೂ ತಪ್ಪು. ಎಲ್ಲ ಅರ್ಬುದಕ್ಕೂ ಇದೇ ರಾಮಬಾಣವೆಂದು ನಂಬುವುದೂ ತಪ್ಪು.

ಪಿ.ಡಿ.-1 ಕಂಡ ದಿನದಿಂದ ಔಷಧದವರೆಗೆ 22 ವರ್ಷಗಳು ಸಂದವು. ಸತ್ತ ಇಲಿಗಳನ್ನು ಕಡೆಗಣಿಸದೆ ಸತ್ತುದೇಕೆಂದು ಕೇಳಿದ ತಾಳ್ಮೆಯಿಂದ ಈ ತಿಳಿವು ಬಂದಿತು. ತರಗತಿಯಲ್ಲಿ ಕೈಯೆತ್ತಿ “ಏಕೆ ಸಾರ್?” ಎಂದು ಕೇಳುತ್ತಿದ್ದ ನನ್ನ ಮಕ್ಕಳೇ, ಆ ಅಭ್ಯಾಸವನ್ನು ಬಿಡಬೇಡಿರಿ, ನಿಮ್ಮ ಮಕ್ಕಳಲ್ಲಿಯೂ ಅದನ್ನು ಬೆಳೆಸಿರಿ. ಶಾಲೆ ಬೆಳಗಲಿ.