ಮನೆಯ ಒಂದೇ ರೂಟರಿಗೆ ಹಲವು ಯಂತ್ರಗಳ ಜೋಡಣೆ



ಕೆ.ಆರ್. ಪುರಕ್ಕೆ ತಾಗಿಕೊಂಡಿರುವ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಟೆಲಿಫೋನ್ ಕಾರ್ಖಾನೆ ಸ್ಥಾಪನೆಯಾಯಿತು. ಆಗ ಸುತ್ತಲಿನ ಹಳ್ಳಿಗಳಲ್ಲಿ ಮನೆಗೊಂದು ಟೆಲಿಫೋನ್ ಎಂಬುದು ದೂರದ ಮಾತು. ಇಂದು ಅದೇ ಭಾಗದ ಹೈನುಗಾರರ ಮನೆಗಳಿಗೂ ಇಂಟರ್‌ನೆಟ್ ಬಂದಿದೆ. ಮಕ್ಕಳ ಕಂಪ್ಯೂಟರ್, ಟಿ.ವಿ., ಪ್ರಿಂಟರ್, ಕೊಟ್ಟಿಗೆಯ ಕ್ಯಾಮೆರಾ ಎಲ್ಲವನ್ನೂ ಒಂದೇ ರೂಟರಿಗೆ ಜೋಡಿಸಬೇಕಾಗಿದೆ. ತುಂಬು ಗಬ್ಬದ ಹಸುವಿನ ಮೇಲೆ ರಾತ್ರಿ ಕಣ್ಣಿಡಲೆಂದು ಹಾಕಿಸಿದ ಕ್ಯಾಮೆರಾ, ಹೆರಿಗೆಯ ಹೊತ್ತಿಗೇ ಚಿತ್ರ ಕೊಡದಿದ್ದರೆ ಕರುವಿನ ಜೀವಕ್ಕೇ ಸಂಚಕಾರ. ಆದ್ದರಿಂದ ಜೋಡಣೆಯ ಕ್ರಮವನ್ನು ತಿಳಿದಿರುವುದು ಒಳ್ಳೆಯದು.

ರೂಟರ್ ಏನು ಮಾಡುತ್ತದೆ?

ರೂಟರನ್ನು ಸಂಘದ ಕಾರ್ಯದರ್ಶಿಗೆ ಹೋಲಿಸಬಹುದು. ಕಾರ್ಯದರ್ಶಿ ಪ್ರತಿ ಸದಸ್ಯರಿಗೂ ಒಂದು ಸಂಖ್ಯೆ ಕೊಡುವಂತೆ, ರೂಟರ್ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಸಂಖ್ಯೆ ಕೊಡುತ್ತದೆ. ಇದರ ಹಿಂಭಾಗದಲ್ಲಿ 'ವ್ಯಾನ್' ಎಂಬ ಒಂದು ಕಿಂಡಿ ಇರುತ್ತದೆ. ಹೊರಗಿನ ಸಂಪರ್ಕ ಬರುವುದು ಅದಕ್ಕೆ. 'ಲ್ಯಾನ್' ಎಂಬ ಕಿಂಡಿಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು; ಮನೆಯ ಯಂತ್ರಗಳ ಜಾಗ ಅದು.

ಕಿಂಡಿ ಸಾಲದಿದ್ದರೆ

5 ಅಥವಾ 8 ಕಿಂಡಿಗಳ 'ಸ್ವಿಚ್' ಎಂಬ ಸಣ್ಣ ಪೆಟ್ಟಿಗೆ ಕೊಳ್ಳಬೇಕು. ರೂಟರಿನ ಒಂದು ಲ್ಯಾನ್ ಕಿಂಡಿಯಿಂದ ಸ್ವಿಚ್ಚಿಗೆ ಒಂದೇ ತಂತಿ ಎಳೆದು, ಉಳಿದ ಕಿಂಡಿಗಳಿಗೆ ಯಂತ್ರಗಳನ್ನು ಸಿಕ್ಕಿಸಿದರಾಯಿತು. ಸಾದಾ ಸ್ವಿಚ್ಚಿಗೆ ಯಾವ ಹೊಂದಾಣಿಕೆಯೂ ಬೇಡ.

ಹಳೆಯ ರೂಟರನ್ನೇ ಸ್ವಿಚ್ಚಿನಂತೆ ಬಳಸುವವರೂ ಇದ್ದಾರೆ. ಅದು ತಪ್ಪಲ್ಲ. ಆದರೆ ಒಂದೇ ಸಂಘದಲ್ಲಿ ಇಬ್ಬರು ಕಾರ್ಯದರ್ಶಿಗಳು ಸಂಖ್ಯೆ ಹಂಚಿದರೆ ಗೊಂದಲವೇ. ಆದ್ದರಿಂದ ಹಳೆಯದರಲ್ಲಿ ವಿಳಾಸ ಹಂಚುವ 'ಡಿ.ಎಚ್.ಸಿ.ಪಿ.' ವ್ಯವಸ್ಥೆಯನ್ನು ನಿಲ್ಲಿಸಬೇಕು, ಅದರ ಸ್ವಂತ ವಿಳಾಸವನ್ನು ಹೊಸ ರೂಟರಿನದಕ್ಕಿಂತ ಬೇರೆ ಮಾಡಬೇಕು, ತಂತಿಯನ್ನು ಅದರ ಲ್ಯಾನ್ ಕಿಂಡಿಗೇ ಹಾಕಬೇಕು.

ತಂತಿಯ ಆಯ್ಕೆ

'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ತಂತಿ ಸಾಕು. ಇದರೊಳಗೆ 4 ಜೊತೆ, ಅಂದರೆ 8 ಎಳೆಗಳಿರುತ್ತವೆ. ಒಂದೇ ಎಳೆತ 100 ಮೀಟರ್ ಮೀರಬಾರದು. ಅಗ್ಗದ ಕೆಲವು ತಂತಿಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪನ ಮಾತ್ರ ಇರುತ್ತದೆ. ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಶಿವಾಜಿನಗರದಲ್ಲಿ ಕೊಂಡರೂ ಪೂರ್ತಿ ತಾಮ್ರದ್ದನ್ನೇ ಕೇಳಿ ಪಡೆಯಿರಿ.

ಕೊಟ್ಟಿಗೆಗೆ ಎಳೆಯುವಾಗ

1. ತಂತಿಯನ್ನು ಪೈಪಿನೊಳಗೆ ಎಳೆಯಿರಿ. ಇಲಿ ಕಡಿಯುತ್ತದೆ, ಹಸು ಎಳೆದು ಅಗಿಯುತ್ತದೆ.
2. ಕರೆಂಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ.
3. ಕೊಟ್ಟಿಗೆ ತೊಳೆಯುವ ನೀರು ಸಿಡಿಯದ ಎತ್ತರದಲ್ಲಿ ಪೆಟ್ಟಿಗೆಗಳಿರಲಿ.
4. 'ಪಿ.ಒ.ಇ.' ಸ್ವಿಚ್ ಮತ್ತು ಅದಕ್ಕೆ ಹೊಂದುವ ಕ್ಯಾಮೆರಾ ಇದ್ದರೆ ವಿದ್ಯುತ್ತೂ ಇದೇ ತಂತಿಯಲ್ಲಿ ಹೋಗುತ್ತದೆ. ಒದ್ದೆ ಜಾಗದಲ್ಲಿ ಬೇರೆ ಪ್ಲಗ್ ಬೇಕಿಲ್ಲ.
5. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮುನ್ನ, ಹೊರಾಂಗಣದಲ್ಲಿ ಹಾದು ಬರುವ ತಂತಿಯನ್ನು ಸ್ವಿಚ್ಚಿನಿಂದ ಕಳಚಿಡಿ. ಸಿಡಿಲು ನೆತ್ತಿಯ ಮೇಲಿರುವಾಗ ಅದನ್ನು ಮುಟ್ಟಬೇಡಿ.

ಕರೆಂಟು ಹೋದರೆ ಕ್ಯಾಮೆರಾವೂ ಹೋಗುತ್ತದೆ. ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್, ಕ್ಯಾಮೆರಾ ಎಲ್ಲವೂ ಒಂದೇ ಯು.ಪಿ.ಎಸ್. ಮೇಲಿರಲಿ. ರೂಟರಿಗೆ ಮಾತ್ರ ಯು.ಪಿ.ಎಸ್. ಕೊಟ್ಟು ಸ್ವಿಚ್ಚನ್ನು ಮರೆತರೆ ಪ್ರಯೋಜನವಿಲ್ಲ.

ದೋಷ ಹುಡುಕುವ ಕ್ರಮ

ಕಿಂಡಿಯ ದೀಪ ಉರಿಯದಿದ್ದರೆ ತಂತಿ ಅಥವಾ ತುದಿಯ ಪಿನ್ನು ನೋಡಿ. ದೀಪವಿದ್ದೂ ವೇಗ 100 ಮೆಗಾಬಿಟ್‌ಗೆ ನಿಂತರೆ, ಯಂತ್ರಗಳು ಗಿಗಾಬಿಟ್‌ನವಾಗಿದ್ದಲ್ಲಿ, ಎಂಟು ಎಳೆಗಳಲ್ಲಿ ಒಂದು ತುಂಡಾಗಿರಬಹುದು. 100ರ ವೇಗಕ್ಕೆ ನಾಲ್ಕೇ ಎಳೆ ಸಾಕು, ಸಾವಿರಕ್ಕೆ ಎಂಟೂ ಬೇಕು. ಎಲ್ಲ ದೀಪಗಳೂ ಬಿಡುವಿಲ್ಲದೆ ಮಿನುಗಿ ಮನೆಯ ಇಂಟರ್‌ನೆಟ್ ಪೂರ್ತಿ ನಿಂತರೆ, ಒಂದೇ ತಂತಿಯ ಎರಡೂ ತುದಿಗಳು ಒಂದೇ ಸ್ವಿಚ್ಚಿಗೆ ಸಿಕ್ಕಿಕೊಂಡಿವೆಯೇ ನೋಡಿ.

ಸಂಘದ ಕಚೇರಿಯಲ್ಲಿ

ಕಂಪ್ಯೂಟರ್, ಪ್ರಿಂಟರ್‌ಗಳಿಗೂ ಇದೇ ಕ್ರಮ. ಆದರೆ ಹಾಲಿನ ತೂಕದ ಯಂತ್ರ ಮತ್ತು ಜಿಡ್ಡು ಅಳೆಯುವ ಯಂತ್ರಗಳಿಗೆ ಸಾಮಾನ್ಯವಾಗಿ ಬೇರೆ ಬಗೆಯ ತಂತಿ ಇರುತ್ತದೆ. ಸದಸ್ಯರ ಹಣದ ಲೆಕ್ಕ ಅದರಲ್ಲಿರುವುದರಿಂದ ಅದನ್ನು ತಂತ್ರಜ್ಞರೇ ಮುಟ್ಟಲಿ.

ನೆನಪಿಡಿ: ಪ್ರತಿ ತಂತಿಯ ಎರಡೂ ತುದಿಗೆ 'ಕೊಟ್ಟಿಗೆ', 'ಟಿ.ವಿ.' ಎಂದು ಚೀಟಿ ಅಂಟಿಸಿ. ನಡುರಾತ್ರಿ ಹಸು ನೋವು ತಿನ್ನುವಾಗ ಯಾವ ತಂತಿ ಯಾವುದೆಂದು ಹುಡುಕುವ ಕಷ್ಟ ತಪ್ಪುತ್ತದೆ.