ಊರಿಗೆ ಬಸ್ಸು ಬಂದರೆ ಸಾಲದು



ಹಿಂದಿನ ವರ್ಷ ಮಣ್ಣು ಪರೀಕ್ಷೆಯ ವಿಷಯವಾಗಿ ತಾಲ್ಲೂಕು ಕೇಂದ್ರದಲ್ಲಿ ಒಂದು ದಿನದ ತರಬೇತಿಯನ್ನು ಏರ್ಪಡಿಸಿದ್ದೆವು. ಬೆಳಿಗ್ಗೆ 10 ಗಂಟೆಗೆ ಆರಂಭ. ನನ್ನ ವಲಯದ ಒಂದು ಹಳ್ಳಿಯಿಂದ 15 ಮಂದಿ ಹೆಸರು ಕೊಟ್ಟಿದ್ದರು. ಬಂದವರು ಇಬ್ಬರೇ, ಅವರೂ ಸ್ವಂತ ಬೈಕು ಉಳ್ಳವರು. “ಈ ಗ್ರಾಮದವರಿಗೆ ಆಸಕ್ತಿ ಸಾಲದು” ಎಂದು ನಾನು ವರದಿ ಬರೆದೆ. ಅದೇ ವಾರ ಆ ಊರಿಗೆ ಹೋದಾಗ ವಯಸ್ಸಾದ ತಾಯಿಯೊಬ್ಬರು ಕೇಳಿದರು: “ಸ್ವಾಮಿ, ನಮ್ಮೂರಿಗೆ ಬಸ್ಸು ಬರೋದೇ ಹತ್ತೂವರೆಗೆ. ನಿಮ್ಮ ಪಾಠಕ್ಕೆ ಹೆಂಗೆ ಬರಾದು?” ನನ್ನಲ್ಲಿ ಉತ್ತರವಿರಲಿಲ್ಲ. ಆಸಕ್ತಿ ಸಾಲದಿದ್ದುದು ಅವರಿಗಲ್ಲ. ವಿಚಾರಿಸುವ ಆಸಕ್ತಿ ಸಾಲದಿದ್ದುದು ನನಗೆ.

ಆ ದಿನ ಕಲಿತ ಪಾಠವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಊರಿಗೆ ಬಸ್ಸು ಬಂದರೆ ಸಾಲದು, ಸರಿಯಾದ ವೇಳೆಗೆ ಬರಬೇಕು. ಬಂದದ್ದು ಉಳಿಯಬೇಕು. ಇವೆರಡರಲ್ಲೂ ಊರಿನವರ ಕೈವಾಡ ಬಹಳವಿದೆ.

ನಮ್ಮ ನಾಡಿನಲ್ಲಿ ಸರ್ಕಾರಿ ಬಸ್ಸಿನ ಕಥೆ ಹಳೆಯದು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಈಗ ರಾಜ್ಯದಲ್ಲಿ ನಾಲ್ಕು ಸಾರಿಗೆ ನಿಗಮಗಳಿವೆ. 2000ದಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ಅನೇಕ ಹಳ್ಳಿಗಳಿಗೆ ಡಾಂಬರು ರಸ್ತೆ ಬಂದಿತು. ಪಟ್ಟಣಗಳು ಬೆಳೆದವು, ಹೆದ್ದಾರಿಯ ಪಕ್ಕದಲ್ಲಿ ಕಾರ್ಖಾನೆಗಳೆದ್ದವು. ಆದರೆ ರಸ್ತೆ ಇದ್ದಮಾತ್ರಕ್ಕೆ ಸಂಚಾರ ಆಗುವುದಿಲ್ಲ. ಕಾಲುವೆ ತೋಡಿದ ಮೇಲೂ ನೀರು ಬಿಡಬೇಕಷ್ಟೆ.

ಬೈಕು ಇದ್ದವರು ಹೇಗೂ ಹೋಗುತ್ತಾರೆ. ಬಸ್ಸಿಗೆ ಕಾಯುವವರು ವಿದ್ಯಾರ್ಥಿಗಳು, ಹೆಂಗಸರು, ವೃದ್ಧರು ಮತ್ತು ಸಂತೆಗೆ ಸೊಪ್ಪು ಒಯ್ಯುವ ಸಣ್ಣ ರೈತರು. ಇವರು ಹೊರಗೆ ಹೋಗಿ ಬರಲು ಆಗದಿದ್ದರೆ ಊರಿನ ಸಂಘ, ಸಭೆ, ಶಾಲೆ ಎಲ್ಲವೂ ಸೊರಗುತ್ತವೆ. ನಾನು ಹೇಳಿದ ಹಳ್ಳಿಯಲ್ಲಿಯೇ ಇಬ್ಬರು ಹುಡುಗಿಯರು ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿದ್ದರು. ಕಾಲೇಜಿನಿಂದ ಬರುವಾಗ ಹೆದ್ದಾರಿಯ ಕ್ರಾಸಿನಲ್ಲಿ ಇಳಿದು ಕತ್ತಲಲ್ಲಿ 4 ಕಿಲೋಮೀಟರು ನಡೆಯಬೇಕಾಗಿತ್ತು, ಮನೆಯವರು ಒಪ್ಪಿರಲಿಲ್ಲ.

ಹಾಗಾದರೆ ಊರಿನವರು ಮಾಡತಕ್ಕದ್ದೇನು?

1. ಮೊದಲು ಲೆಕ್ಕ ಮಾಡಿರಿ. ಯಾವ ವೇಳೆಗೆ ಎಷ್ಟು ಮಂದಿ ಎಲ್ಲಿಗೆ ಹೋಗುತ್ತಾರೆ, ಯಾವಾಗ ಮರಳುತ್ತಾರೆ ಎಂದು ಮನೆ ಮನೆಗೆ ಹೋಗಿ ಬರೆದುಕೊಳ್ಳಿರಿ. “ನಮ್ಮೂರಿಗೆ ಬಸ್ಸು ಬೇಕು” ಎನ್ನುವುದಕ್ಕಿಂತ “ಬೆಳಿಗ್ಗೆ 7 ಗಂಟೆಗೆ 22 ವಿದ್ಯಾರ್ಥಿಗಳಿದ್ದಾರೆ” ಎನ್ನುವ ಅರ್ಜಿಗೆ ತೂಕ ಹೆಚ್ಚು.

2. ರಸ್ತೆಯನ್ನು ತೆರವಾಗಿಡಿರಿ. ದೊಡ್ಡ ಬಸ್ಸು ತಿರುಗಲು ಜಾಗ ಬೇಕು. ಆ ಜಾಗದಲ್ಲಿ ತಿಪ್ಪೆ, ಹುಲ್ಲಿನ ಮೆದೆ, ಇಟ್ಟಿಗೆ ರಾಶಿ ಇದ್ದರೆ ಚಾಲಕನು ಏನು ಮಾಡಿಯಾನು? ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಒಕ್ಕುವುದನ್ನು ಬಿಡಿರಿ. ಹುರುಳಿಯ ಬಳ್ಳಿ ಗಾಡಿಯ ಅಡಿಯಲ್ಲಿ ಸುತ್ತಿಕೊಂಡು ಬೆಂಕಿ ಹೊತ್ತುವುದುಂಟು. ಕಾಳಿಗೂ ಕಲ್ಲುಮಣ್ಣು ಸೇರಿ ಬೆಲೆ ಇಳಿಯುತ್ತದೆ.

3. ರಾತ್ರಿ ತಂಗುವ ಬಸ್ಸನ್ನು ಕೇಳಿರಿ. ಸಂಜೆ ಬಂದು ಊರಿನಲ್ಲೇ ನಿಂತು ಮುಂಜಾನೆ ಹೊರಡುವ ಬಸ್ಸು ಹಾಲು, ಹೂವು, ವಿದ್ಯಾರ್ಥಿ ಎಲ್ಲಕ್ಕೂ ಅನುಕೂಲ. ಆದರೆ ಚಾಲಕ, ನಿರ್ವಾಹಕರಿಗೆ ಮಲಗಲು ಒಂದು ಕೋಣೆ, ನೀರು ಮತ್ತು ಶೌಚಾಲಯ ಇರಬೇಕು. ದಿನವಿಡೀ ನಮ್ಮನ್ನು ಹೊತ್ತು ತಂದವರು ಬಸ್ಸಿನ ಸೀಟಿನಲ್ಲೇ ಸೊಳ್ಳೆ ಕಡಿಸಿಕೊಂಡು ಮಲಗುವುದು ಊರಿಗೆ ಶೋಭೆಯಲ್ಲ.

4. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿರಿ. ನಿರ್ಣಯದ ಪ್ರತಿ, ಲೆಕ್ಕದ ಪಟ್ಟಿ ಮತ್ತು ಬೇಕಾದ ವೇಳೆಗಳನ್ನು ಸೇರಿಸಿ ಡಿಪೋ ವ್ಯವಸ್ಥಾಪಕರಿಗೂ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೂ ಕೊಡಿರಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿರಿ. ಅಕ್ಕಪಕ್ಕದ ಊರುಗಳು ಸೇರಿ ಕೇಳಿದರೆ ಇನ್ನೂ ಒಳ್ಳೆಯದು.

5. ಬಂದ ಬಸ್ಸನ್ನು ಹತ್ತಿರಿ. ಐದು ನಿಮಿಷ ಮೊದಲು ಬಂದ ಟೆಂಪೋಗೆ ಎಲ್ಲರೂ ಏರಿದರೆ ಬಸ್ಸು ಖಾಲಿ ಹೋಗುತ್ತದೆ. ಖಾಲಿ ಹೋಗುವ ಬಸ್ಸು ಬಹುಕಾಲ ಬರಲಾರದು.

ಸೋದರಿಯರಿಗೆ ಒಂದು ಮಾತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರು ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣ ಮಾಡುತ್ತಾರೆ. ಆಗ ಕೊಡುವ ಶೂನ್ಯ ದರದ ಟಿಕೆಟನ್ನು “ದುಡ್ಡಿಲ್ಲದ ಚೀಟಿ ಯಾಕೆ” ಎಂದು ಬಿಡಬೇಡಿರಿ. ಆ ಟಿಕೆಟಿನ ಲೆಕ್ಕದ ಮೇಲೆಯೇ ಸರ್ಕಾರವು ನಿಗಮಕ್ಕೆ ಹಣ ಕೊಡುತ್ತದೆ. ನಿಮ್ಮ ಊರಿನಲ್ಲಿ ಇಷ್ಟು ಜನ ಹತ್ತಿದರೆಂಬುದಕ್ಕೆ ಅದೇ ಸಾಕ್ಷಿ.

ಆ ಹಳ್ಳಿಯವರು ಹೀಗೆಯೇ ಮಾಡಿದರು. ಲೆಕ್ಕವನ್ನು ಸ್ತ್ರೀಶಕ್ತಿ ಸಂಘದವರು ಬರೆದರು. ಯುವಕರು ಎರಡು ಭಾನುವಾರ ದುಡಿದು ತಿರುವಿನ ಜಾಗವನ್ನು ಸಮ ಮಾಡಿದರು. ಹಾಲಿನ ಸಂಘದ ಒಂದು ಕೋಣೆಗೆ ಸುಣ್ಣ ಬಳಿದು ಮಂಚ ಹಾಕಿದರು. ಐದು ತಿಂಗಳು ಓಡಾಡಿದ ಮೇಲೆ ಸಂಜೆಯ ಬಸ್ಸು ಊರಿನಲ್ಲಿ ತಂಗಲು ಒಪ್ಪಿಗೆ ಸಿಕ್ಕಿತು. ಈಗ ಮೊದಲ ಬಸ್ಸು ಬೆಳಿಗ್ಗೆ ಆರೂಮುಕ್ಕಾಲಿಗೆ ಹೊರಡುತ್ತದೆ. ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಕಾಲೇಜಿಗೆ ಸೇರಿದ್ದಾಳೆ. ಇನ್ನೊಬ್ಬಳಿಗೆ ಬಸ್ಸು ಬರುವ ಮೊದಲೇ ಮದುವೆಯಾಗಿತ್ತು.

ಆದುದರಿಂದ ತಡ ಮಾಡಬೇಡಿರಿ. ಮುಂದಿನ ಗ್ರಾಮಸಭೆಯಲ್ಲಿ ಬಸ್ಸಿನ ವಿಷಯವನ್ನು ಎತ್ತಿರಿ. ಅರ್ಜಿ ಬರೆಯಲು ನಾನು ಬರುತ್ತೇನೆ. ಈ ಸಲ ನಿಮ್ಮೂರ ಬಸ್ಸಿನ ವೇಳೆಯನ್ನು ಕೇಳಿಕೊಂಡೇ ಬರುತ್ತೇನೆ.

— ನಿಮ್ಮ ಗ್ರಾಮಸೇವಕ